ಮಣಿಪುರದ ನಿರಾಶ್ರಿತರ ಶಿಬಿರಗಳಿಗೆ ಬೆಂಗಳೂರಿಂದ ಹಳೆ ಬಟ್ಟೆ ಕಳಿಸೋಕೆ ಅಗ್ಗದ ದಾರಿ ಯಾವುದು?

ಕಳಿಸಲೇಬೇಡಿ. 2023ರ ಜೂನ್‌ನಲ್ಲಿ ನಾನೂ ಇದೇ ಪ್ರಶ್ನೆ ಹಿಡಿದು ಕಲಾಸಿಪಾಳ್ಯದ ಲಾರಿ ಆಫೀಸುಗಳನ್ನು ಸುತ್ತಿದ್ದೆ.

ಮೇ 3ಕ್ಕೆ ಕಣಿವೆಯ ಮೈತೇಯಿ ಮತ್ತು ಬೆಟ್ಟದ ಕುಕಿ ಜನರ ನಡುವೆ ಗಲಭೆ ಶುರುವಾಗಿತ್ತು. ಸುಮಾರು 60 ಸಾವಿರ ಜನ ಮನೆ ಬಿಟ್ಟು ಶಾಲೆ, ಕಾಲೇಜುಗಳಲ್ಲಿ ಮಲಗುತ್ತಿದ್ದರು. ನಮ್ಮ ಆಫೀಸಿನ ಹುಡುಗಿಯೊಬ್ಬಳು ಕುಕಿಗಳೇ ಹೆಚ್ಚಿರುವ ಬೆಟ್ಟದ ಕಡೆಯ ಚುರಾಚಾಂದ್‌ಪುರದವಳು. ಅವಳ ಚಿಕ್ಕಮ್ಮನ ಮನೆಯವರೂ ಶಿಬಿರದಲ್ಲಿದ್ದಾರೆ ಅಂತ ಗೊತ್ತಾಯಿತು. ಹೊರಮಾವಿನ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿದೆ. ಭಾನುವಾರದೊಳಗೆ ಲಿಫ್ಟ್ ಪಕ್ಕ 38 ಮೂಟೆ!

ಎಲ್ಲವನ್ನೂ ಕಣಿವೆಯಲ್ಲಿರುವ, ಮೈತೇಯಿಗಳೇ ಹೆಚ್ಚಿರುವ ರಾಜಧಾನಿ ಇಂಫಾಲ್‌ಗೆ ಬುಕ್ ಮಾಡಿದೆ. ತಪ್ಪಾಗಿದ್ದು ಇಲ್ಲೇ. ಮ್ಯಾಪ್ ನೋಡಿದೆ, ಇಂಫಾಲ್‌ನಿಂದ ಚುರಾಚಾಂದ್‌ಪುರಕ್ಕೆ 60 ಚಿಲ್ಲರೆ ಕಿಲೋಮೀಟರ್. ನಮಗೆ ತುಮಕೂರು ಇದ್ದ ಹಾಗೆ, ಅಲ್ವಾ? ಅರ್ಧ ಅಲ್ಲಿ ಇಳಿಸಿ ಅರ್ಧ ಮುಂದಕ್ಕೆ ಕಳಿಸಿದರಾಯಿತು ಅಂದುಕೊಂಡೆ. ಆದರೆ ಮಧ್ಯದಲ್ಲಿ ಭದ್ರತಾ ಪಡೆಯ ಗಡಿ ಬಿದ್ದಿತ್ತು. ಮೈತೇಯಿ ಡ್ರೈವರ್ ಆ ಕಡೆ ಹೋಗುವಂತಿಲ್ಲ, ಕುಕಿ ಡ್ರೈವರ್ ಈ ಕಡೆ ಬರುವಂತಿಲ್ಲ. ಚುರಾಚಾಂದ್‌ಪುರಕ್ಕೆ ಸಾಮಾನು ಹೋಗುತ್ತಿದ್ದದ್ದು ಮಿಜೋರಾಂ ಕಡೆಯಿಂದ, ಐಜಾಲ್ ಮೇಲೆ, ಗುಡ್ಡ ಸುತ್ತಿಕೊಂಡು. ಇದು ನನಗೆ ಗೊತ್ತಿರಲಿಲ್ಲ. ಆದರೆ ಗೊತ್ತಿದ್ದವಳು ನನ್ನಿಂದ ಮೂರು ಟೇಬಲ್ ಆಚೆ ಕೂತಿದ್ದಳು! ಅವಳನ್ನು ಕೇಳಲೇ ಇಲ್ಲ. ಸಾಮಾನು ಮುಟ್ಟಿದ ಮೇಲೆ ಹೇಳಿ ಖುಷಿಪಡಿಸೋಣ ಅಂತಿದ್ದೆ. ಲಾರಿ ಆಫೀಸಿನ ರಸೀದಿ (ಎಲ್.ಆರ್.) ತೋರಿಸಿದ ದಿನ ಅವಳು ಅದರಲ್ಲಿದ್ದ ಊರಿನ ಹೆಸರನ್ನೇ ನೋಡುತ್ತಾ ಕೂತಳು. ಆಮೇಲೆ "ಸರ್, ಇದು ನಮ್ಮವರಿಗೆ ಸಿಗಲ್ಲ" ಅಂದಳು. ಅಷ್ಟೇ.

ಇಂಫಾಲ್‌ನವರಿಗಾದರೂ ಉಪಯೋಗ ಆಯಿತಾ? ಅಲ್ಲಿ ಮೊಬೈಲ್ ಇಂಟರ್ನೆಟ್ ತಿಂಗಳುಗಟ್ಟಲೆ ಬಂದ್, ಫೋಟೋ ಕೂಡ ಬರಲಿಲ್ಲ. ಕೊನೆಗೆ ಗೋಡೌನ್‌ನಲ್ಲಿದ್ದವರು ಫೋನಿನಲ್ಲಿ ಹೇಳಿದರು. ಅಲ್ಲಿಯ ಹೆಂಗಸರು ಉಡುವುದು ಫನೆಕ್, ಅಂದರೆ ಸೊಂಟಕ್ಕೆ ಸುತ್ತುವ ಬಟ್ಟೆ. ನಾವು ಕಳಿಸಿದ್ದು ಮೂಟೆಗಟ್ಟಲೆ ಸೀರೆ, ಹುಕ್ ಕಿತ್ತ ಬ್ಲೌಸು, ಒಂಟಿ ಸ್ಕೂಲ್ ಶೂ. ಸೀರೆಗಳನ್ನು ಹಾಲ್‌ನಲ್ಲಿ ಹಗ್ಗಕ್ಕೆ ಇಳಿಬಿಟ್ಟು, ಒಂದೊಂದು ಸಂಸಾರಕ್ಕೂ ಮರೆ ಮಾಡಿಕೊಂಡರಂತೆ. ಬೇಕಾಗಿದ್ದದ್ದು ಪ್ಯಾಡು, ಹೊಸ ಒಳಉಡುಪು, ಬಿ.ಪಿ. ಮಾತ್ರೆ, ಸೊಳ್ಳೆ ಪರದೆ, ಬಕೆಟ್ಟು.

ಲಾರಿ ಬಾಡಿಗೆ, ಹಮಾಲಿ ಎಲ್ಲಾ ಸೇರಿ ನನ್ನ ಕೈಯಿಂದ 41 ಸಾವಿರ ಹೋಯಿತು. ಅದೇ ದುಡ್ಡು ಕಳಿಸಿದ್ದರೆ ಇಂಫಾಲ್‌ನ ಇಮಾ ಕೈಥೆಲ್‌ನಲ್ಲೇ ಹೊಸ ಫನೆಕ್ ಸಿಗುತ್ತಿತ್ತು. ಆ ಮಾರ್ಕೆಟ್ಟಿನಲ್ಲಿ ವ್ಯಾಪಾರ ಮಾಡುವವರೆಲ್ಲಾ ಹೆಂಗಸರೇ. ಅವರಿಗೂ ನಾಕು ಕಾಸು ಆಗುತ್ತಿತ್ತು.

ಹಾಗಾಗಿ ದುಡ್ಡೇ ಕೊಡಿ. ಬೆಟ್ಟದ ಕಡೆಯ ಶಿಬಿರಕ್ಕೆ ಬೇರೆ, ಕಣಿವೆಯ ಶಿಬಿರಕ್ಕೆ ಬೇರೆ. ಅಲ್ಲಲ್ಲೇ ಕೊಂಡು ಹಂಚುವವರ ಮೂಲಕ. ಯಾವ ಶಿಬಿರ, ಎಷ್ಟು ಜನ, ಈ ವಾರ ಏನು ಬೇಕು ಅಂತ ಕೇಳಿ. ಉತ್ತರ ತಡವರಿಸಿದರೆ ಬೇರೆಯವರನ್ನು ಹುಡುಕಿ. "ದುಡ್ಡು ಕೊಟ್ಟರೆ ತಿಂದುಬಿಡ್ತಾರೆ" ಅನ್ನುವವರು ಗ್ರೂಪಿನಲ್ಲಿ ಇರುತ್ತಾರೆ, ನಮ್ಮಲ್ಲೂ ಇದ್ದರು. ಒಂಟಿ ಶೂ ಬಂದಿದ್ದು ಅವರ ಮನೆಯಿಂದಲೇ.

ಈಗಾಗಲೇ ಬಂದ ಮೂಟೆಗಳನ್ನು ಇವತ್ತೇ ವಾಪಸ್ ಕೊಡಿ. ನಾಳೆ ಅಂದರೆ ಇನ್ನೂ ಹತ್ತು ಬಂದು ಬೀಳುತ್ತವೆ.