ಕಿರಣ್ ವಿಮಾನಕ್ಕೆ ವಯಸ್ಸಾಯಿತು

ಹೈದರಾಬಾದ್ ಹತ್ತಿರದ ದುಂಡಿಗಲ್‌ನ ವಾಯುಪಡೆ ಅಕಾಡೆಮಿಯಲ್ಲಿ ಏರ್‌ಫ್ರೇಮ್ ಫಿಟ್ಟರ್ (ವಿಮಾನದ ಮೈಕಟ್ಟು ನೋಡಿಕೊಳ್ಳುವವ) ಆಗಿದ್ದೆ, ಕಿರಣ್ ತರಬೇತಿ ವಿಮಾನಗಳ ಮೇಲೆ ಕೆಲಸ ಮಾಡಿದ್ದೆ ಎಂದು ಹಿಂದೊಮ್ಮೆ ಇದೇ ಅಂಕಣದಲ್ಲಿ ಬರೆದಿದ್ದೆ. ಕೆಲವರು ಅದನ್ನು ನೆನಪಿಟ್ಟುಕೊಂಡಿದ್ದಾರೆ. ಕಿರಣ್‌ಗಳನ್ನು ಒಂದೊಂದಾಗಿ ಸೇವೆಯಿಂದ ಇಳಿಸುತ್ತಿರುವ ಬಗ್ಗೆ ಓದಿ ಪತ್ರ ಬರೆದಿದ್ದಾರೆ. ಈ ಸಲದ ಜಾಗವೆಲ್ಲ ಅವರಿಗೇ.

ಪ್ರಶ್ನೆ: ಕಿರಣ್ ನಮ್ಮ ಬೆಂಗಳೂರಿನಲ್ಲೇ ತಯಾರಾದದ್ದಂತೆ, ಹೌದಾ? ಯುದ್ಧ ವಿಮಾನಗಳ ಹೆಸರು ಕೇಳಿದ್ದೇವೆ. ಇದರ ಹೆಸರು ಯಾಕೆ ಯಾರಿಗೂ ಗೊತ್ತಿಲ್ಲ? (ತಿಪಟೂರಿನ ಓದುಗರು)

ಉತ್ತರ: ಹೌದು, ಬೆಂಗಳೂರಿನದೇ. ಎಚ್‌ಎಎಲ್‌ನಲ್ಲಿ ಡಾ. ವಿ. ಎಂ. ಘಾಟ್ಗೆ ಅವರ ಮುಂದಾಳತ್ವದಲ್ಲಿ ರೂಪುಗೊಂಡ ಜೆಟ್ ಇದು. ಎಂಜಿನ್ ಮಾತ್ರ ಬ್ರಿಟಿಷರ ವೈಪರ್. 1964ರ ಸೆಪ್ಟೆಂಬರ್ 4ರಂದು ಮೊದಲ ಸಲ ಹಾರಿತು. ಹಾರಿಸಿದವರು ಸುರಂಜನ್ ದಾಸ್. ಬೆಂಗಳೂರಿನ ಹಳೇ ವಿಮಾನ ನಿಲ್ದಾಣದ ಕಡೆ ಸುರಂಜನ್‌ದಾಸ್ ರಸ್ತೆ ಇದೆಯಲ್ಲ, ಅದು ಅವರ ಹೆಸರಿನದೇ. 1970ರಲ್ಲಿ ಬೇರೊಂದು ವಿಮಾನದ ಪರೀಕ್ಷಾ ಹಾರಾಟದಲ್ಲಿ ಅವರು ತೀರಿಕೊಂಡರು. ಆ ರಸ್ತೆಯ ಟ್ರಾಫಿಕ್‌ನಲ್ಲಿ ನಿಂತಾಗ ಒಮ್ಮೆ ನೆನೆಸಿಕೊಳ್ಳಿ.

1968ರಲ್ಲಿ ಕಿರಣ್ ವಾಯುಪಡೆಗೆ ಬಂತು. ಅಲ್ಲಿಂದ ಮುಂದಿನ ಎಷ್ಟೋ ತಲೆಮಾರಿನ ಪೈಲಟ್‌ಗಳು ಜೆಟ್ ಅಂದರೆ ಏನು ಎಂದು ಕಲಿತದ್ದು ಇದರಲ್ಲೇ. ಹೆಸರು ಯಾಕೆ ಗೊತ್ತಿಲ್ಲ ಅಂದರೆ, ಅಕ್ಷರ ಕಲಿತ ಸ್ಲೇಟಿನ ಹೆಸರು ಯಾರಿಗೆ ನೆನಪಿರುತ್ತದೆ ಹೇಳಿ? ತಪ್ಪು ಬರೆದದ್ದು, ಅಳಿಸಿದ್ದು, ಮತ್ತೆ ಬರೆದದ್ದು ಎಲ್ಲ ಅದರ ಮೇಲೇ. ಆಮೇಲೆ ಎಲ್ಲರೂ ನೋಟ್‌ಬುಕ್ಕಿಗೆ ಹೋಗಿಬಿಡುತ್ತಾರೆ.

ಪ್ರಶ್ನೆ: ವಿಮಾನ ಲೋಹದ್ದು. ಎಂಜಿನ್ ಬದಲಾಯಿಸಬಹುದು, ಬಣ್ಣ ಹೊಡೆಯಬಹುದು. ಹಾಗಿದ್ದ ಮೇಲೆ ಅದಕ್ಕೆ ವಯಸ್ಸಾಗೋದು ಅಂದ್ರೆ ಏನು? (ಹಾವೇರಿಯ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಒಳ್ಳೆಯ ಪ್ರಶ್ನೆ ತಾಯಿ. ನನ್ನ ಕೆಲಸವೇ ಅದಾಗಿತ್ತು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಇಕ್ಕಳ ಇಲ್ಲದಾಗ ಬೇಲಿ ತಂತಿಯನ್ನು ಹೇಗೆ ತುಂಡು ಮಾಡುತ್ತೀರಿ? ಹಿಂದಕ್ಕೆ ಮುಂದಕ್ಕೆ ಬಗ್ಗಿಸುತ್ತೀರಿ. ಮೊದಲ ನಾಲ್ಕು ಸಲ ಏನೂ ಆಗುವುದಿಲ್ಲ. ಬಗ್ಗಿಸುತ್ತಾ ಹೋದರೆ ಒಂದು ಸಲ ಪಟ್ಟನೆ ಮುರಿಯುತ್ತದೆ. ವಿಮಾನದ ರೆಕ್ಕೆಯೂ ಪ್ರತಿ ಹಾರಾಟದಲ್ಲಿ ಒಂದಿಷ್ಟು ಬಗ್ಗುತ್ತದೆ, ಮತ್ತೆ ನೇರವಾಗುತ್ತದೆ. ಪಲ್ಟಿ ಹೊಡೆಯುವಾಗ, ಬಿಗಿಯಾಗಿ ತಿರುಗುವಾಗ ಮೈ ಭಾರ ನಾಲ್ಕು ಪಟ್ಟು ಆದಂತೆ ರೆಕ್ಕೆ ಹೊರಬೇಕು. ಒಳಗೆಲ್ಲೋ, ರಿವೆಟ್ ತೂತಿನ ಅಂಚಿನಲ್ಲಿ, ಕೂದಲಿಗಿಂತ ಸಣ್ಣ ಬಿರುಕು ಹುಟ್ಟುತ್ತದೆ. ಅದಕ್ಕೇ ವಿಮಾನದ ವಯಸ್ಸನ್ನು ಬರೀ ವರ್ಷದಲ್ಲಿ ಲೆಕ್ಕ ಹಾಕುವುದಿಲ್ಲ. ಎಷ್ಟು ಗಂಟೆ ಹಾರಿತು, ಎಷ್ಟು ಸಲ ಇಳಿಯಿತು ಎಂದು ಬರೆದಿಡುತ್ತಾರೆ.

ತರಬೇತಿ ವಿಮಾನಕ್ಕೆ ಇಳಿಯುವ ಕೆಲಸವೇ ಜಾಸ್ತಿ. ಕಲಿಯುವವರು ಮತ್ತೆ ಮತ್ತೆ ಸುತ್ತು ಹಾಕಿ ಬಂದು, ಚಕ್ರ ತಾಗಿಸಿ, ಹಾಗೇ ಮೇಲೇರುತ್ತಾರೆ. ಎಲ್ಲರೂ ಮೆತ್ತಗೆ ಇಳಿಸುವುದಿಲ್ಲ. ಧಡ್ ಎಂದು ಇಳಿದರೆ ಅದನ್ನು ಹಾರ್ಡ್ ಲ್ಯಾಂಡಿಂಗ್ ಎಂದು ಫಾರ್ಮ್ 700ರಲ್ಲಿ ಬರೆಯಬೇಕು. ಅದು ವಿಮಾನದ ಜಾತಕವಿದ್ದ ಹಾಗೆ. ಬರೆದ ಮೇಲೆ ನಮ್ಮ ಕೆಲಸ ಶುರು.

ಒಂದು ಏಪ್ರಿಲ್ ಮಧ್ಯಾಹ್ನ ಅಂಥ ಒಂದು ಕಿರಣ್ ಹ್ಯಾಂಗರ್‌ಗೆ ಬಂತು. ಜ್ಯಾಕ್ ಮೇಲೆ ಎತ್ತಿದೆವು. ಚಕ್ರದ ಕಾಲು ರೆಕ್ಕೆಗೆ ಸೇರುವ ಜಾಗವನ್ನು ಚೆನ್ನಾಗಿ ಒರೆಸಿ, ಕೆಂಪು ದ್ರವ ಹಚ್ಚಿದೆ. ಸ್ವಲ್ಪ ಹೊತ್ತು ಬಿಡಬೇಕು. ಬಿರುಕು ಇದ್ದರೆ ಕೆಂಪು ಅದರೊಳಗೆ ಇಳಿಯುತ್ತದೆ. ಆಮೇಲೆ ಮೇಲಿನದನ್ನು ಒರೆಸಿ ತೆಗೆದು, ಬಿಳಿ ಪುಡಿಯಂಥದ್ದನ್ನು ತೆಳ್ಳಗೆ ಸಿಂಪಡಿಸಬೇಕು. ಬಿರುಕಿನೊಳಗೆ ಉಳಿದ ಕೆಂಪು ಆ ಬಿಳಿಯ ಮೇಲೆ ಗೆರೆಯಾಗಿ ಎದ್ದು ಬರುತ್ತದೆ. ಆ ಕಾಯುವ ಹೊತ್ತಿದೆಯಲ್ಲ, ಆಗ ಹ್ಯಾಂಗರ್‌ನಲ್ಲಿ ಯಾರೂ ಜಾಸ್ತಿ ಮಾತಾಡುತ್ತಿರಲಿಲ್ಲ.

ಆ ವಿಮಾನ ಇಳಿಸಿದ ಹುಡುಗ ಧಾರವಾಡ ಕಡೆಯವನು. ನಾನು ಕನ್ನಡದವನು ಎಂದು ಹೇಗೋ ಗೊತ್ತಾಗಿತ್ತು. ಊಟಕ್ಕೂ ಹೋಗದೆ ಹ್ಯಾಂಗರ್ ಬಾಗಿಲಲ್ಲಿ ನಿಂತಿದ್ದ. ಮುಖವೆಲ್ಲ ಬೆವರು. ಹತ್ತಿರ ಬಂದು ಮೆಲ್ಲಗೆ ಕೇಳಿದ: "ಏನಾರ ಸಿಕ್ತೇನ್ರಿ?"

ಬಿಳಿ ಬಿಳಿಯಾಗಿಯೇ ಉಳಿದಿತ್ತು. "ಏನೂ ಇಲ್ಲ ಸರ್, ಹೋಗಿ ಊಟ ಮಾಡಿ" ಅಂದೆ. ಅವನು ಹೋಗಲಿಲ್ಲ. ನಾನು ಪ್ಯಾನೆಲ್ ಮುಚ್ಚಿ, ಸ್ಪ್ಯಾನರ್‌ಗಳನ್ನೆಲ್ಲ ಎಣಿಸಿ, ಸಹಿ ಹಾಕುವವರೆಗೂ ಅಲ್ಲೇ ಇದ್ದ.

ಎಲ್ಲ ವಿಮಾನಕ್ಕೂ ಒಂದು ದಿನ ಆ ಕೆಂಪು ಗೆರೆ ಬರುತ್ತದೆ. ಬಂದ ಭಾಗವನ್ನು ಬದಲಾಯಿಸಬಹುದು. ಆದರೆ ವರ್ಷ ಕಳೆದ ಹಾಗೆ ಗೆರೆಗಳು ಜಾಸ್ತಿ, ಬಿಡಿಭಾಗ ಕಡಿಮೆ. ರಿಪೇರಿಯಲ್ಲಿ ನಿಂತಿರುವ ವಿಮಾನಗಳೇ ಹೆಚ್ಚಾದಾಗ ಇಳಿಸಲೇಬೇಕು.

ಪ್ರಶ್ನೆ: ಚಿಕ್ಕವನಿದ್ದಾಗ ಮನೆ ಮಾಳಿಗೆ ಮೇಲೆ ನಿಂತು ವಾಯುಪಡೆಯ ಸೂರ್ಯಕಿರಣ್ ಪ್ರದರ್ಶನ ತಂಡದ ಕೆಂಪು-ಬಿಳಿ ವಿಮಾನಗಳನ್ನು ನೋಡುತ್ತಿದ್ದೆ. 2011ರಲ್ಲಿ ನಿಂತೇಹೋಯಿತು. ಆ ವಿಮಾನಗಳಿಗೂ ವಯಸ್ಸಾಗಿತ್ತಾ? (ಬೀದರ್‌ನ ಓದುಗರು)

ಉತ್ತರ: ನಿಮ್ಮ ಮಾಳಿಗೆಯ ಬಗ್ಗೆ ಓದಿ ನನಗೆ ಹೊಟ್ಟೆಕಿಚ್ಚಾಯಿತು. ಒಂಬತ್ತು ಕಿರಣ್‌ಗಳು ಒಟ್ಟಿಗೆ ಹಾರುವುದನ್ನು ದಿನಾ ನೋಡುವ ಪುಣ್ಯ ಎಷ್ಟು ಜನಕ್ಕೆ ಸಿಗುತ್ತದೆ?

ತಂಡ 1996ರಲ್ಲಿ ನಿಮ್ಮ ಊರಲ್ಲೇ ಹುಟ್ಟಿತು. ಅದರಲ್ಲಿದ್ದದ್ದು ಕಿರಣ್ ಮಾರ್ಕ್ 2. ವೈಪರ್ ಬದಲು ಆರ್ಫಿಯಸ್ ಎಂಜಿನ್, ಜಾಸ್ತಿ ಶಕ್ತಿ. ತಂಡ ನಿಂತದ್ದು ಆ ವಿಮಾನಗಳು ಕೈಕೊಟ್ಟವೆಂದಲ್ಲ. ಹೊಸಬರಿಗೆ ಮೊದಲ ಪಾಠ ಹೇಳಲು ದೀಪಕ್ ಎಂಬ ಪಿಸ್ಟನ್ ಎಂಜಿನ್ ವಿಮಾನ ಇತ್ತು. ಎಂಜಿನ್ ತೊಂದರೆಗಳು, ಅಪಘಾತಗಳು ಆಗುತ್ತಲೇ ಇದ್ದವು. 2009ರ ಜುಲೈನಲ್ಲಿ ಒಂದು ಅಪಘಾತವಾದ ಮೇಲೆ ಅದರ ಹಾರಾಟವನ್ನೇ ನಿಲ್ಲಿಸಿದರು. ಆಗ ಮೊದಲ ಪಾಠಕ್ಕೂ ಕಿರಣ್ ಬೇಕಾಯಿತು, ಎರಡನೇ ಪಾಠಕ್ಕೂ ಕಿರಣ್ ಬೇಕಾಯಿತು. ಇದ್ದ ಕಿರಣ್‌ಗಳು ಸಾಲಲಿಲ್ಲ. 2011ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ ಕೊನೆಯ ಪ್ರದರ್ಶನ ಕೊಟ್ಟು, ನಿಮ್ಮ ಕೆಂಪು-ಬಿಳಿ ವಿಮಾನಗಳು ಪಾಠ ಹೇಳಲು ಹೋದವು. ನನಗೆ ಅದರಲ್ಲಿ ಬೇಸರಕ್ಕಿಂತ ಹೆಮ್ಮೆಯೇ ಜಾಸ್ತಿ. 2015ರಲ್ಲಿ ತಂಡ ಮತ್ತೆ ಶುರುವಾಯಿತು, ಹಾಕ್ ವಿಮಾನಗಳೊಂದಿಗೆ.

ಪ್ರಶ್ನೆ: ಬದಲಿ ವಿಮಾನ ತರಲು ಇಷ್ಟು ವರ್ಷ ಬೇಕಾ? (ಶಿವಮೊಗ್ಗದ ನಿವೃತ್ತ ಮೇಷ್ಟ್ರು)

ಉತ್ತರ: ಬೇಕಾಗಬಾರದಿತ್ತು ಮೇಷ್ಟ್ರೇ. ಎಚ್‌ಎಎಲ್ ಸುಮ್ನೆ ಕೂತಿರಲಿಲ್ಲ. ಕಿರಣ್ ಜಾಗಕ್ಕೆಂದು ಮಾಡಿದ ಸಿತಾರಾ 2003ರ ಮಾರ್ಚ್‌ನಲ್ಲೇ ಹಾರಿತ್ತು. ಆದರೆ ಸ್ಪಿನ್ ವಿಷಯದಲ್ಲಿ ಸಿಕ್ಕಿಹಾಕಿಕೊಂಡಿತು. ವೇಗ ತೀರಾ ಕಡಿಮೆಯಾದಾಗ ವಿಮಾನ ಗಿರಗಿರನೆ ಸುತ್ತುತ್ತಾ ಕೆಳಗೆ ಬೀಳುವುದೇ ಸ್ಪಿನ್. ಕಲಿಯುವವರು ಬೇಕೆಂದೇ ಅದಕ್ಕೆ ಹೋಗಿ, ಹೊರಗೆ ಬರುವುದನ್ನು ಕಲಿಯಬೇಕು. ಅದರಲ್ಲಿ ನಂಬಿಕೆ ಬಾರದ ವಿಮಾನವನ್ನು ಹುಡುಗರ ಕೈಗೆ ಕೊಡಲಾಗುವುದಿಲ್ಲ. ಬಾಲದ ವಿನ್ಯಾಸ ಬದಲಿಸಿ, ಮತ್ತೆ ಪರೀಕ್ಷಿಸುವುದರಲ್ಲೇ ವರ್ಷಗಳು ಹೋದವು. ಮೊದಲ ಪಾಠಕ್ಕೆ 2013ರಲ್ಲಿ ಸ್ವಿಟ್ಜರ್‌ಲೆಂಡ್‌ನ ಪಿಲಾಟಸ್ ಬಂತು. ಅದೇ ಪಾಠಕ್ಕೆಂದು ಎಚ್‌ಎಎಲ್ ಮಾಡಿದ ನಮ್ಮದೇ ಎಚ್‌ಟಿಟಿ-40 ಮೊದಲು ಹಾರಿದ್ದು 2016ರಲ್ಲಿ.

ಅಲ್ಲಿಯವರೆಗೂ, ಆಮೇಲೂ, ಹೊರೆ ಹೊತ್ತದ್ದು ಕಿರಣ್. ಅದನ್ನು ಮುದಿ ವಿಮಾನ ಎಂದು ಯಾರಾದರೂ ಬರೆದರೆ ನನಗೆ ನೋವಾಗುತ್ತದೆ. ಅದು ತಾನಾಗಿ ಉಳಿಯಲಿಲ್ಲ, ನಾವು ಉಳಿಸಿಕೊಂಡೆವು.

ಪ್ರಶ್ನೆ: ಮಗಳಿಗೆ ಕಿರಣ್ ತೋರಿಸಬೇಕು. ಎಲ್ಲಿದೆ? (ಬೆಂಗಳೂರಿನ ಓದುಗರು)

ಉತ್ತರ: ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ಎಚ್‌ಎಎಲ್‌ನ ವಸ್ತುಸಂಗ್ರಹಾಲಯ ಇದೆ, ಅಲ್ಲಿಗೆ ಹೋಗಿ. ಮಾರುತ್ ಎಂಬ ಯುದ್ಧ ವಿಮಾನದ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ. ನೀವೂ ತೆಗೆಸಿಕೊಳ್ಳಿ, ಆಮೇಲೆ ಕಿರಣ್ ಹತ್ತಿರ ಬನ್ನಿ. ಮೊದಲು ಬಗ್ಗಿ, ಚಕ್ರದ ಕಾಲು ರೆಕ್ಕೆಗೆ ಸೇರುವ ಜಾಗ ತೋರಿಸಿ. ಆಮೇಲೆ ಮಗಳನ್ನು ಹೆಗಲ ಮೇಲೆ ಕೂರಿಸಿಕೊಳ್ಳಿ. ಗಾಜಿನ ಮುಚ್ಚಳದ ಕೆಳಗೆ ಎರಡು ಸೀಟು ಅಕ್ಕಪಕ್ಕ ಇರುತ್ತವೆ, ಹಿಂದೆ ಮುಂದೆ ಅಲ್ಲ. ಬಲಗಡೆಯದು ಕಲಿಸುವವರದು. ಎಡಗಡೆಯದು ಕಲಿಯುವವರದು.