ಮೇಷ್ಟ್ರೇ, ಆ ದೀಪಾವಳಿ ಮರಿಯನ್ನು ಬಿಡಬೇಡಿ

ಪ್ರಿಯ ಮೇಷ್ಟ್ರೇ,

ನಮಸ್ಕಾರ. ಕುಣಿಗಲ್ಲಿನಿಂದ ನೀವು ಕಳಿಸಿದ 'ಗಾಳಿಗೆ ಹುಟ್ಟಿದವನು' ಕಥೆ ಓದಿದೆ. ಅದರ ಜೊತೆಗಿದ್ದ ಪತ್ರವನ್ನೂ ಓದಿದೆ. ವಿಷಯ ಮೊದಲೇ ಹೇಳಿಬಿಡುತ್ತೇನೆ. ಕಥೆ ಈಗಿರುವ ಹಾಗೆ ನಮ್ಮ ಪತ್ರಿಕೆಗೆ ಆಗುವುದಿಲ್ಲ. ಆದರೆ ಇದನ್ನು ನೀವು ಮತ್ತೆ ಬರೆಯಲೇಬೇಕು. ಯಾಕೆ ಅನ್ನುವುದಕ್ಕೆ ಈ ಉದ್ದದ ಉತ್ತರ. ಅಂಕಣದಲ್ಲಿ ಹಾಕಿಕೊಳ್ಳಿ ಅಂತ ನೀವೇ ಒಪ್ಪಿಗೆ ಕೊಟ್ಟಿದ್ದೀರಿ, ಬರೆಯುವ ಬೇರೆಯವರಿಗೂ ಉಪಯೋಗವಾಗಲಿ.

ಓದುಗರಿಗೆ ಕಥೆ ಗೊತ್ತಿರಲಿ. ಒಂದು ಪ್ರಶಾಂತವಾದ ಪುಟ್ಟ ಊರು. ಅಲ್ಲೊಬ್ಬ ಜಮೀನ್ದಾರ. ಅವನ ಲಾಯದಲ್ಲಿ ದೀಪಾವಳಿ ರಾತ್ರಿ ಹಾಲಿನಂಥ ಬಿಳಿ ಕುದುರೆ ಮರಿ ಹುಟ್ಟುತ್ತದೆ. ಹೆಸರು ಪವನ. ಬೆಳೆದ ಮೇಲೆ ಅದು ಯಾರನ್ನೂ ಬೆನ್ನ ಮೇಲೆ ಕೂರಿಸಿಕೊಳ್ಳುವುದಿಲ್ಲ. ಲಾಯದಲ್ಲಿ ಕೆಲಸ ಮಾಡುವವನ ಮಗ ಒಂದೇ ರಾತ್ರಿಯಲ್ಲಿ ಅದನ್ನು ಪಳಗಿಸುತ್ತಾನೆ. ಬೆಂಗಳೂರಿಗೆ ಹೋಗಿ ರೇಸ್ ಗೆಲ್ಲುತ್ತಾನೆ. ಅಪ್ಪನ ಸಾಲ ತೀರುತ್ತದೆ. ಜಮೀನ್ದಾರನ ಮಗಳ ಜೊತೆ ಮದುವೆಯಾಗುತ್ತದೆ. ಕೊನೆಯ ಪುಟದಲ್ಲಿ ಪವನ ಕಣ್ಣೀರು ಸುರಿಸುತ್ತಾ ಪ್ರಾಣ ಬಿಡುತ್ತದೆ.

ಬಾಲ್ಯದಿಂದ ಕುದುರೆ ಅಂದರೆ ಪ್ರಾಣ ಅಂತ ಪತ್ರದಲ್ಲಿ ಬರೆದಿದ್ದೀರಿ. ಅದು ನಿಜ ಅಂತ ನನಗೆ ಅನುಮಾನವೇ ಇಲ್ಲ. ಆದರೆ ಆ ಪ್ರೀತಿ ಕಥೆಯೊಳಗೆ ಬರೀ ಹೊಗಳಿಕೆ ಆಗಿದೆ. ಮೊದಲ ಪುಟದಲ್ಲೇ ಪವನ ಮಿಂಚು, ಬಿರುಗಾಳಿ, ರಾಜಕುಮಾರ, ದೇವರು ಎಲ್ಲವೂ ಆಗುತ್ತದೆ. ಅದು ಏನು ತಿನ್ನುತ್ತದೆ ಅಂತ 42 ಪುಟಗಳಲ್ಲಿ ಒಂದು ಮಾತೂ ಇಲ್ಲ. ಅದರ ಲದ್ದಿ ಯಾರು ಎತ್ತುತ್ತಾರೆ? ಲಾಳ ಯಾರು ಕಟ್ಟುತ್ತಾರೆ? ಹುರುಳಿ ಎಷ್ಟು, ಓಟ್ಸ್ ಎಷ್ಟು, ಕುದುರೆ ಮಸಾಲೆ ಅನ್ನುವ ಮೇವಿನ ಸೊಪ್ಪು ಯಾವ ಹೊಲದಿಂದ ಬರುತ್ತದೆ? ಇದೆಲ್ಲ ಗೊತ್ತಿರುವ, ಕುದುರೆ ಸಾಕುವ ಊರಿನಲ್ಲಿ ಹುಟ್ಟಿದವರು ನೀವು. ನಮ್ಮ ಓದುಗರಲ್ಲಿ ಹೆಚ್ಚಿನವರು ಹುರುಳಿ ಸಾರು ಉಂಡಿರುತ್ತಾರೆ. ಕುದುರೆಯ ತೊಟ್ಟಿ ಹತ್ತಿರ ನಿಂತಿರುವುದಿಲ್ಲ. ಅಲ್ಲಿಗೆ ಅವರನ್ನು ಕರೆದುಕೊಂಡು ಹೋಗಬಲ್ಲ ಮನುಷ್ಯ ಬಿರುಗಾಳಿ ಅಂತ ಬರೆದು ಸುಮ್ನೆ ಮುಂದೆ ಹೋದರೆ ನನಗೆ ಬೇಜಾರಾಗುತ್ತದೆ.

ಕುದುರೆಯ ಮೈ ವಿಷಯದಲ್ಲೂ ಕೆಲವು ಕಡೆ ಎಡವಿದ್ದೀರಿ. ಪವನ 'ಬಾಯಿ ತೆರೆದು ಏದುಸಿರು ಬಿಟ್ಟಿತು' ಅಂತ ಬರೆದಿದ್ದೀರಿ. ಕುದುರೆ ಬಾಯಿಂದ ಉಸಿರಾಡುವುದಿಲ್ಲ, ಮೂಗಿನಿಂದ ಮಾತ್ರ. ಅದಕ್ಕೇ ಓಡಿ ಬಂದ ಕುದುರೆಯ ಹೊಳ್ಳೆ ಅಷ್ಟು ಅಗಲ ಆಗುವುದು. ಇನ್ನೊಂದು ಕಡೆ ಹುಡುಗ ಅದರ ಹಣೆಗೆ ಹಣೆ ತಾಗಿಸಿ ನಿಲ್ಲುತ್ತಾನೆ, 'ಪವನ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿತು'. ಕುದುರೆಯ ಕಣ್ಣು ತಲೆಯ ಪಕ್ಕದಲ್ಲಿವೆ. ತನ್ನ ಸುತ್ತ ಬಹುಪಾಲು ಎಲ್ಲವನ್ನೂ ನೋಡುವ ಪ್ರಾಣಿಗೆ ಹಣೆಯ ನೇರ ಮುಂದೆ ಇರುವುದೇ ಕಾಣುವುದಿಲ್ಲ. ತಿಳಿದವರು ಎಡಭುಜದ ಕಡೆಯಿಂದ, ಮಾತಾಡಿಸುತ್ತಾ ಹತ್ತಿರ ಹೋಗುತ್ತಾರೆ. ಇದು ನಿಮ್ಮ ದೃಶ್ಯಕ್ಕೆ ಎಷ್ಟು ಸಹಾಯ ಮಾಡುತ್ತದೆ ನೋಡಿ. ಹುಡುಗ ಕಣ್ಣಿಗೆ ಕಾಣದ ಜಾಗದಲ್ಲಿ ನಿಂತಿದ್ದಾನೆ, ಕುದುರೆ ಅವನನ್ನು ವಾಸನೆಯಿಂದ, ದನಿಯಿಂದ ಗುರುತಿಸುತ್ತಿದೆ. ಹಾಗೆ ಬರೆದರೆ ನಂಬಿಕೆ ಅನ್ನುವ ಶಬ್ದವನ್ನೇ ಬಳಸಬೇಕಾಗಿಲ್ಲ.

ಒಂದೇ ರಾತ್ರಿಯಲ್ಲಿ ಪಳಗಿಸುವುದನ್ನು ಕೈಬಿಡಿ. ರೇಸನ್ನೂ ಬಿಡಿ. ಜಾಕಿ, ಅಂದರೆ ರೇಸ್ ಕುದುರೆ ಓಡಿಸುವವನು, ಆಗಲು ವರ್ಷಗಟ್ಟಲೆ ಕಲಿಯಬೇಕು, ಪರವಾನಗಿ ಬೇಕು, ತೂಕ ಇಳಿಸಿಕೊಂಡಿರಬೇಕು. ಹಳ್ಳಿ ಹುಡುಗ ನೇರ ಹೋಗಿ ಡರ್ಬಿಯಂಥ ದೊಡ್ಡ ರೇಸ್ ಗೆಲ್ಲುವುದು ಸಿನಿಮಾದಲ್ಲಿ. ಆ ಜಮೀನ್ದಾರನೂ ಸಿನಿಮಾದಿಂದಲೇ ಬಂದವನು. ನಮ್ಮ ಕಡೆ ಪಟೇಲರು, ಶಾನುಭೋಗರು ಇದ್ದರು, ಅಂಥ ಚಾವಟಿ ಹಿಡಿದ ಜಮೀನ್ದಾರ ಎಲ್ಲಿದ್ದ? ಅವನು ಪವನನ ತಾಯಿಯನ್ನು ಸಿದ್ಧಗಂಗೆ ಜಾತ್ರೆಯಲ್ಲಿ ಕೊಂಡ ಅಂತ ಬರೆದಿದ್ದೀರಿ. ಅದು ದನಗಳ ಜಾತ್ರೆ, ಜನ ಬರುವುದು ಹಳ್ಳಿಕಾರ್ ಎತ್ತು ನೋಡುವುದಕ್ಕೆ. ತುಮಕೂರು ಜಿಲ್ಲೆಯ ಓದುಗ ಅಲ್ಲೇ ಪುಸ್ತಕ ಮುಚ್ಚುತ್ತಾನೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಪುಟ 9. 'ದೀಪಾವಳಿಯ ರಾತ್ರಿ ಹಾಲಿನಂಥ ಬಿಳಿ ಮರಿ ಹುಟ್ಟಿತು.' ಹಬ್ಬದ ಬೆಳಕು, ಬಿಳಿ ಕುದುರೆ, ಚೆನ್ನಾಗಿರುತ್ತದೆ ಅಂತ ನೀವು ಬರೆದಿರಬೇಕು. ಈ ಒಂದು ವಾಕ್ಯವನ್ನು ನಾನು ದಿನಗಟ್ಟಲೆ ತಲೆಯಲ್ಲಿ ಇಟ್ಟುಕೊಂಡು ಓಡಾಡಿದ್ದೇನೆ ಮೇಷ್ಟ್ರೇ. ನಿಮಗೆ ಬೇಕಾದ ಕಥೆ ಪೂರ್ತಿ ಇದರಲ್ಲಿದೆ.

ನಮ್ಮ ದೇಶದಲ್ಲಿ ರೇಸ್ ಕುದುರೆಗಳ ವಯಸ್ಸನ್ನು ಹುಟ್ಟಿದ ದಿನದಿಂದ ಎಣಿಸುವುದಿಲ್ಲ. ಎಲ್ಲ ಕುದುರೆಗೂ ಜನವರಿ 1ಕ್ಕೆ ಒಂದು ವರ್ಷ ತುಂಬುತ್ತದೆ. ಹೆಣ್ಣು ಕುದುರೆ ಗಬ್ಬ ಹೊರುವುದು ಸುಮಾರು 11 ತಿಂಗಳು. ಆದ್ದರಿಂದ ಮರಿಗಳು ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟುವಂತೆ ಸ್ಟಡ್ ಫಾರ್ಮಿನವರು, ಅಂದರೆ ಕುದುರೆ ಸಾಕಿ ಮರಿ ಮಾಡಿಸುವವರು, ಲೆಕ್ಕ ಹಾಕಿ ಕೂಡಿಸುತ್ತಾರೆ. ದೀಪಾವಳಿಗೆ ಹುಟ್ಟಿದ ಮರಿಯ ಗತಿ ಏನು ಯೋಚಿಸಿ. ಎರಡು ತಿಂಗಳ ಕೂಸು, ಇನ್ನೂ ತಾಯಿಯ ಹಾಲು ಕುಡಿಯುತ್ತಿದೆ, ಕಾಗದದಲ್ಲಿ ಅದಕ್ಕೆ ಒಂದು ವರ್ಷ!

ಅಷ್ಟೇ ಅಲ್ಲ. ದೀಪಾವಳಿಯಿಂದ 11 ತಿಂಗಳು ಹಿಂದಕ್ಕೆ ಹೋಗಿ. ಹಿಂದಿನ ವರ್ಷದ ಮಾಗಿ ಚಳಿ, ಅವರೆಕಾಯಿ ಕಾಲ. ಆಗ ಯಾರೂ ಗಂಡು ಕುದುರೆಯನ್ನು ಹೆಣ್ಣಿನ ಹತ್ತಿರ ಬಿಡುವುದಿಲ್ಲ. ಹಾಗಾದರೆ ಆ ರಾತ್ರಿ ಗೇಟು ತೆಗೆದಿಟ್ಟವರು ಯಾರು? ಕಾವಲಿಗೆ ಇದ್ದವರು ಯಾರು? ಹುಡುಗನ ಅಪ್ಪನೇ ಇರಬಹುದು ಅಲ್ವಾ? ತಾಯಿ ಕುದುರೆಯ ಹೊಟ್ಟೆ ಅಕಾಲದಲ್ಲಿ ದೊಡ್ಡದಾಗುತ್ತಾ ಬಂದಾಗ ಅವರಿಗೆ ಹೇಗಾಗಿರಬೇಕು?

ಇನ್ನು ಬಣ್ಣ. ನಾವು ಬಿಳಿ ಅನ್ನುವ ಕುದುರೆಗಳಲ್ಲಿ ಹೆಚ್ಚಿನವು ಬಿಳಿಯಾಗಿ ಹುಟ್ಟುವುದಿಲ್ಲ. ಕಪ್ಪಾಗಿಯೋ ಕಂದಾಗಿಯೋ ಹುಟ್ಟಿ, ವರ್ಷ ಕಳೆದ ಹಾಗೆ ಬೂದು ತಿರುಗಿ, ಆಮೇಲೆ ಬೆಳ್ಳಗಾಗುತ್ತವೆ. ಬಿಳಿ ಕೂದಲು ಎಷ್ಟೋ ಸಲ ಮೊದಲು ಕಣ್ಣಿನ ಸುತ್ತ ಕಾಣಿಸುತ್ತದೆ. ಇಂಥ ಮರಿ ಹುಟ್ಟಬೇಕಾದರೆ ತಂದೆತಾಯಿಯಲ್ಲಿ ಒಬ್ಬರಾದರೂ ಆ ಬೂದು ಜಾತಿಯದ್ದೇ ಆಗಿರಬೇಕು. ಈಗ ನೋಡಿ. ತಾಯಿ ಕಂದು. ಮರಿ ಹುಟ್ಟಿದಾಗ ಅದೂ ಕಂದು. ಹುಡುಗನ ಅಪ್ಪ ಸಮಾಧಾನದ ನಿಟ್ಟುಸಿರು ಬಿಡುತ್ತಾನೆ. ಕೆಲವು ತಿಂಗಳಿಗೆ ಮರಿಯ ಕಣ್ಣಿನ ಸುತ್ತ ಬಿಳಿ ಕೂದಲು ಬರುತ್ತದೆ. ಲಾಯದಲ್ಲಿ ಬೂದು ಬಣ್ಣದ ಗಂಡು ಕುದುರೆ ಇರುವುದು ಒಂದೇ. ಅದರ ಕಾವಲು ಯಾರದ್ದು ಅಂತ ಎಲ್ಲರಿಗೂ ಗೊತ್ತು. ಯಾರೂ ಬಾಯಿ ಬಿಡಬೇಕಾಗಿಲ್ಲ, ಮರಿಯ ಮುಖವೇ ಹೇಳುತ್ತದೆ. ಜಮೀನ್ದಾರನ ಚಾವಟಿಗಿಂತ ಇದು ಎಷ್ಟೋ ಭಯಂಕರ.

ಕೂಡಿದ್ದಕ್ಕೆ ದಾಖಲೆ ಇಲ್ಲದ ಮರಿ ಸ್ಟಡ್ ಬುಕ್ಕಿಗೆ, ಅಂದರೆ ರೇಸ್ ಕುದುರೆಗಳ ವಂಶಾವಳಿ ಪುಸ್ತಕಕ್ಕೆ, ಸೇರುವುದಿಲ್ಲ. ಸ್ಟಡ್ ಬುಕ್ಕಿನಲ್ಲಿ ಇಲ್ಲದ ಕುದುರೆಗೆ ರೇಸೂ ಇಲ್ಲ. ಅಂದರೆ ನಿಮ್ಮ ಪವನ ಎಷ್ಟೇ ಜೋರಾಗಿ ಓಡಲಿ, ಯಾವತ್ತೂ ರೇಸ್ ಕೋರ್ಸಿನ ಗೇಟು ದಾಟುವುದಿಲ್ಲ.

ಇಲ್ಲಿ ನಿಮ್ಮ ಪತ್ರದ ಒಂದು ಮಾತು ನೆನಪು ಮಾಡುತ್ತೇನೆ. 'ನಮ್ಮ ಬೀದಿಯಲ್ಲಿ ಒಬ್ಬರು ಸೈಸ್ ಇದ್ದರು. ಕುದುರೆಗಳನ್ನು ಲಾರಿ ತುಂಬಿಕೊಂಡು ಹೋದ ದಿನ ಅವರು ಊಟ ಮಾಡುತ್ತಿರಲಿಲ್ಲ. ಮನೆಯವರೂ ಬಡಿಸುತ್ತಿರಲಿಲ್ಲ.' ಸೈಸ್ ಅಂದರೆ ಲಾಯದಲ್ಲಿ ಕುದುರೆ ನೋಡಿಕೊಳ್ಳುವವರು. ಇಡೀ ಕಥೆಯಲ್ಲಿ ಈ ಎರಡು ಸಾಲಿನ ತೂಕದ ಮಾತಿಲ್ಲ. ಅದರಲ್ಲೂ 'ಮನೆಯವರೂ ಬಡಿಸುತ್ತಿರಲಿಲ್ಲ' ಅನ್ನುವುದು. ಆ ಮನೆಯ ಹೆಂಗಸರು ಕುದುರೆ ಮುಟ್ಟಿರಲಿಕ್ಕಿಲ್ಲ, ಆದರೆ ಅವರಿಗೆ ಎಲ್ಲ ಗೊತ್ತು.

ಕುಣಿಗಲ್ ಸಾಮಾನ್ಯ ಊರಲ್ಲ. ಟಿಪ್ಪು ಕಾಲದಲ್ಲಿ ದಂಡಿಗೆ ಕುದುರೆ ಬೆಳೆಸಿದ ಜಾಗ. ಆಮೇಲೆ ಬ್ರಿಟಿಷರ ಸೈನ್ಯಕ್ಕೆ, ಆಮೇಲೆ ರೇಸಿಗೆ. ದೊರೆಗಳು ಬದಲಾದರು, ಕುದುರೆ ಸಾಕುವ ಕೈಗಳು ಮಾತ್ರ ಅಲ್ಲಿಯವೇ. ರಾತ್ರಿ ನಿದ್ದೆಗೆಟ್ಟು ಹೆರಿಗೆ ಮಾಡಿಸುವುದು, ಗಂಟೆ ಎರಡು ಗಂಟೆಯಲ್ಲಿ ಮರಿ ತಡವರಿಸಿ ಎದ್ದು ನಿಲ್ಲುವುದನ್ನು ನೋಡುವುದು, ಅದು ತಾಯಿಯ ಗಿಣ್ಣು ಹಾಲು ಕುಡಿಯುವವರೆಗೆ ಕಾಯುವುದು. ಹೊಟ್ಟೆನೋವು ಬಂದರೆ ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಆಗ ಹಗ್ಗ ಹಿಡಿದು ಬೆಳಗಿನವರೆಗೆ ಅದರ ಜೊತೆ ನಡೆಯುವುದು. ಇಷ್ಟೆಲ್ಲ ಮಾಡಿ ಬೆಳೆಸಿದ ಮರಿ ಎರಡು ವರ್ಷದ ಹೊತ್ತಿಗೆ ಲಾರಿ ಹತ್ತಿ ಬೆಂಗಳೂರಿಗೋ ಮುಂಬೈಗೋ ಹೋಗುತ್ತದೆ. ಸಾಕಿದವರಿಗೆ ಅದು ಎಂದೂ ಸ್ವಂತವಲ್ಲ. ನಿಮ್ಮ ಊರಿನ ದುಃಖ ಇದು. ಬೇರೆ ಯಾವ ಊರಿಗೂ ಈ ದುಃಖ ಹೀಗೆ ಗೊತ್ತಿಲ್ಲ. ಅದನ್ನು ನೀವು 'ಪ್ರಶಾಂತವಾದ ಪುಟ್ಟ ಊರು' ಅಂತ ಮೂರು ಶಬ್ದದಲ್ಲಿ ಮುಗಿಸಿದ್ದೀರಿ. ಕುಣಿಗಲ್ ಅಂತಲೇ ಬರೆಯಿರಿ. ದೊಡ್ಡ ಕೆರೆ ಬರಲಿ, ಹೆದ್ದಾರಿ ಬಸ್ಸುಗಳ ಹಾರ್ನು ಬರಲಿ. ಈಗಿನ ಕಾಲದ ಕಥೆ ಮಾಡುವುದಾದರೆ 2017ರಲ್ಲಿ ಶುರುವಾದ ಹಾಸನದ ರೈಲೂ ಬರಲಿ. ಮರಿಗೆ ಮೊದಲ ಸಲ ರೈಲಿನ ಕೂಗು ಕೇಳಿಸಿದರೆ ಅದರ ಕಿವಿ ಯಾವ ಕಡೆ ತಿರುಗುತ್ತದೆ ಅಂತ ಬರೆಯಬಲ್ಲವರು ನೀವು.

ಎಲ್ಲ ಕುದುರೆಗಳೂ ಹೊರಟುಹೋಗುವ ಊರಿನಲ್ಲಿ ಹೋಗಲಾಗದ ಒಂದು ಕುದುರೆ. ಅದು ಯಾರ ತಪ್ಪಿನಿಂದ ಹುಟ್ಟಿತೋ ಅವರ ಮನೆಗೇ ಬಂದು ಉಳಿಯುತ್ತದೆ. ಕುದುರೆ 25 ವರ್ಷ ಬದುಕಬಲ್ಲದು. ಹುಡುಗನ ಮೀಸೆ ಚಿಗುರುವ ಹೊತ್ತಿಗೆ ಅದು ಬೂದು, ಅವನ ಮದುವೆ ಹೊತ್ತಿಗೆ ಪೂರ್ತಿ ಬಿಳಿ. ಆಗ ಊರಿಗೆ ಅದು ಬೇಕಾಗುತ್ತದೆ, ಮದುವೆ ಮೆರವಣಿಗೆಗೆ, ಗಂಡು ಕೂರಿಸುವುದಕ್ಕೆ. ಬ್ಯಾಂಡಿನ ಸದ್ದು, ಪಟಾಕಿ. ಓಡಲೆಂದೇ ಹುಟ್ಟಿದ ಮೈ ಆ ಗದ್ದಲದಲ್ಲಿ ಹೆಜ್ಜೆ ಹೆಜ್ಜೆಗೆ ನಡೆಯಬೇಕು. ಹಗ್ಗ ಹಿಡಿದವರು ಅದೇ ಅಪ್ಪ. ಇದನ್ನು ಹೀಗೇ ಬರೆಯಿರಿ ಅಂತ ನಾನು ಹೇಳುತ್ತಿಲ್ಲ. ನಿಮ್ಮ ವಾಕ್ಯ ನನ್ನನ್ನು ಎಲ್ಲಿಗೆ ಎಳೆದುಕೊಂಡು ಹೋಯಿತು ಅಂತ ತೋರಿಸುತ್ತಿದ್ದೇನೆ. ನೀವು ಬೇರೆ ದಾರಿ ಹಿಡಿದರೆ ನನಗೆ ಇನ್ನೂ ಸಂತೋಷ. ಆದರೆ ಕುದುರೆಯ ದೇಹ, ಅದರ ಕಾಲ, ಅದರ ಬಣ್ಣ ಇವೇ ಕಥೆಯನ್ನು ನಡೆಸಲಿ. ಆಗ ನಿಮ್ಮ ಪ್ರೀತಿಗೆ ಮಾಡಲು ಕೆಲಸ ಸಿಗುತ್ತದೆ.

ಇನ್ನೊಂದು ಮಾತು ಸಂಕೋಚದಿಂದಲೇ ಕೇಳುತ್ತೇನೆ. ಕಥೆಯಲ್ಲಿ ಶಾಲೆಯ ಮೇಷ್ಟ್ರು ಯಾಕಿಲ್ಲ? ಇಡೀ ಆಯಸ್ಸು ಪ್ರೈಮರಿ ಶಾಲೆಯಲ್ಲಿ ಕಳೆದವರು ನೀವು. ನಮ್ಮ ಕಡೆ ಹಳೆ ತಲೆಮಾರಿನ ಎಷ್ಟೋ ಜನರ ಹುಟ್ಟಿದ ತಾರೀಖು ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಂಡದ್ದು. 'ರಾಗಿ ಒಕ್ಕಣೆ ಟೈಮಲ್ಲಿ ಹುಟ್ಟಿದ್ದು ಸಾರ್' ಅಂತ ತಾಯಿ ಹೇಳುತ್ತಾಳೆ, ಮೇಷ್ಟ್ರು ಶಾಲೆಗೆ ಸೇರಿಸುವುದಕ್ಕೆ ಸರಿಹೋಗುವ ಹಾಗೆ ಒಂದು ತಾರೀಖು ಹಾಕುತ್ತಾರೆ. ಆಮೇಲೆ ಆ ಮಗುವಿನ ನೌಕರಿ, ನಿವೃತ್ತಿ ಎಲ್ಲ ಆ ತಾರೀಖಿನ ಮೇಲೆ. ಈ ಕಥೆಯ ಹುಡುಗನ ಅಪ್ಪನಿಗೆ ಇದು ಗೊತ್ತಿರುತ್ತದೆ. ಮಗನಿಗೆ ತಾರೀಖು ಬರೆದುಕೊಟ್ಟ ಮೇಷ್ಟ್ರ ಹತ್ತಿರ ಬಂದು ಅವನು ಮರಿಗೂ ಒಂದು ಕಾಗದ ಮಾಡಿಕೊಡಿ ಅಂತ ಕೇಳಬಹುದು. ಮೇಷ್ಟ್ರು ಏನು ಹೇಳುತ್ತಾರೆ? ಈ ಪ್ರಶ್ನೆಗೆ ಉತ್ತರ ಬರೆಯಲು ನಿಮ್ಮಷ್ಟು ಹಕ್ಕಿರುವವರು ನನಗೆ ಯಾರೂ ಗೊತ್ತಿಲ್ಲ.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. 'ಅಶ್ವ', 'ತುರಗ', 'ಹಯ' ಮೂರನ್ನೂ ಹೊಡೆದುಹಾಕಿದ್ದೇನೆ, ಎಲ್ಲ ಕಡೆ ಕುದುರೆ ಅಂತಲೇ ಇರಲಿ. ಮಾತುಕತೆಯಲ್ಲಿ ನಿಮ್ಮ ಬೀದಿಯ ಮಾತು ಬರಲಿ. ಸೈಸ್ ಮನೆಯವರು ಪಾಠಪುಸ್ತಕದ ಕನ್ನಡ ಆಡುವುದು ಬೇಡ. ಕೊನೆಯಲ್ಲಿ ಕುದುರೆಯನ್ನು ಸಾಯಿಸಬೇಡಿ, ಅದು ಸತ್ತಿದ್ದಕ್ಕೆ ಕಥೆಯೊಳಗೆ ಕಾರಣವೇ ಇಲ್ಲ.

ಹಸ್ತಪ್ರತಿಯನ್ನು ಇದರ ಜೊತೆ ವಾಪಸ್ ಕಳಿಸಿದ್ದೇನೆ, ಅಂಚಿನಲ್ಲಿ ಪೆನ್ಸಿಲ್ ಗುರುತುಗಳಿವೆ. ಹೊಸದಾಗಿ ಬರೆಯುವಾಗ ಇದನ್ನು ಮುಂದೆ ಇಟ್ಟುಕೊಳ್ಳಬೇಡಿ, ಪುಟ 9 ಒಂದನ್ನು ಇಟ್ಟುಕೊಂಡರೆ ಸಾಕು. ಬರೆಯುವ ಮುಂಚೆ ಆ ಸೈಸ್ ಅವರ ಮನೆಯವರು ಯಾರಾದರೂ ಈಗಲೂ ಇದ್ದರೆ ಹೋಗಿ ಕೂತು ಮಾತಾಡಿಸಿ. ಲಾರಿ ಬರುವ ಹಿಂದಿನ ರಾತ್ರಿ ಅವರು ಏನು ಮಾಡುತ್ತಿದ್ದರು ಅಂತ ಕೇಳಿ. 15 ಪುಟ ಮೀರಬೇಡಿ. ಯುಗಾದಿ ಸಂಚಿಕೆಗೆ ಕಥೆಗಳನ್ನು ಫೆಬ್ರವರಿ ಕೊನೆಯವರೆಗೆ ತೆಗೆದುಕೊಳ್ಳುತ್ತೇವೆ. ಅಷ್ಟರಲ್ಲಿ ಆಗದಿದ್ದರೂ ಪರವಾಗಿಲ್ಲ, ಯಾವಾಗ ಮುಗಿದರೂ ಕಳಿಸಿ. ಬಂದ ದಿನವೇ ಓದುತ್ತೇನೆ.

ಪ್ರೀತಿಯಿಂದ,
ಸಂಪಾದಕ
ತುಮಕೂರು