9ನೇ ತರಗತಿಯ ಮಕ್ಕಳು ಒಬ್ಬರಿಗೊಬ್ಬರು ನೆರವಾಗುವಂತೆ ತರಬೇತಿ ಕೊಡಬಹುದೇ?

ಧಾರವಾಡದ ಪ್ರೌಢಶಾಲೆಯ ಶಿಕ್ಷಕರಾದ ನೀವು ಕೇಳಿದ್ದು: ನಾಲ್ವರು ಸೇರಿ ಒಬ್ಬನನ್ನು ಚಾಷ್ಟಿ (ಗೇಲಿ) ಮಾಡುವಾಗ ಉಳಿದವರೆಲ್ಲ ನೋಡುತ್ತ ನಿಲ್ಲುತ್ತಾರೆ, ನೀತಿಪಾಠ ಹೇಳಿ ಸಾಕಾಗಿದೆ, ಮುಂದೇನು?

ತರಬೇತಿ ಕೊಡಬಹುದು. ಆದರೆ ನಿಂತು ನೋಡುವವರಿಗೆ ಕರುಣೆಯೇ ಇಲ್ಲವೆಂದು ತಿಳಿಯಬೇಡಿ. ಪ್ರತಿಯೊಬ್ಬನೂ ಪಕ್ಕದವನ ಮುಖ ನೋಡಿ, ಅವನೇ ಸುಮ್ಮನಿದ್ದಾನೆ, ದೊಡ್ಡದೇನಲ್ಲ ಅಂದುಕೊಳ್ಳುತ್ತಾನೆ. ಅಮೆರಿಕದ ಮನೋವಿಜ್ಞಾನಿಗಳಾದ ಲಾಟಾನೆ ಮತ್ತು ಡಾರ್ಲಿ 1968ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೋಣೆಯೊಳಗೆ ಹೊಗೆ ಬಿಟ್ಟರು. ಒಬ್ಬರೇ ಕುಳಿತಿದ್ದವರಲ್ಲಿ ಶೇ. 75 ಮಂದಿ ಎದ್ದುಹೋಗಿ ತಿಳಿಸಿದರು. ಜೊತೆಗಿದ್ದ ಇಬ್ಬರು ಬೇಕೆಂದೇ ಸುಮ್ಮನಿದ್ದಾಗ ತಿಳಿಸಿದವರು ಶೇ. 10 ಮಾತ್ರ. ಮೊದಲ ಪೀರಿಯಡ್‌ನಲ್ಲಿ ಇದನ್ನೇ ಹೇಳಿ, ಮಕ್ಕಳು ತಮ್ಮನ್ನು ಅದರಲ್ಲಿ ಕೂಡಲೇ ಗುರುತಿಸುತ್ತಾರೆ.

ಆಮೇಲೆ ವಾರಕ್ಕೊಂದು 40 ನಿಮಿಷದ ಪೀರಿಯಡ್, ಎಂಟು ವಾರ. ಅರ್ಧ ಹೊತ್ತು ಅಭಿನಯಕ್ಕೇ ಇರಲಿ. ನಾಲ್ಕೈದು ಮಕ್ಕಳ ಗುಂಪು, ಸಣ್ಣ ಸನ್ನಿವೇಶ: ಬಿಸಿಯೂಟಕ್ಕೆ ಒಬ್ಬಳೇ ಕೂತ ಹೊಸ ಹುಡುಗಿ, ಚಿಗರಿ ಬಸ್ಸಿನಲ್ಲಿ ತಲೆಸುತ್ತಿ ಬಂದ ಅಜ್ಜ. ಆ ಹೊತ್ತಿಗೆ ಆಡಬೇಕಾದ ಒಂದೇ ಒಂದು ಮಾತನ್ನು ಅವರೇ ಹುಡುಕಲಿ: 'ಬಿಡಲೇ, ಸಾಕು', 'ಬಾ, ನಮ್ಮ ಜೋಡಿ ಕೂಡು'. ಪುಸ್ತಕದ ಕನ್ನಡದಲ್ಲಿ ಬರೆಸಿದರೆ ಮೈದಾನದಲ್ಲಿ ಅದು ಬಾಯಿಗೇ ಬರುವುದಿಲ್ಲ. ಪಾತ್ರಗಳನ್ನು ಬದಲಿಸುತ್ತಿರಿ. ಆದರೆ ನಿಜವಾಗಿ ಚಾಷ್ಟಿಗೆ ಸಿಕ್ಕ ಹುಡುಗನಿಗೆ ನೊಂದವನ ಪಾತ್ರ ಕೊಡಲೇಬೇಡಿ, ನಿಮ್ಮ ತರಗತಿಯಲ್ಲಿ ನಡೆದದ್ದನ್ನೇ ಆಡಿಸಬೇಡಿ. ಅವನ ಗಾಯಕ್ಕೆ ಎಲ್ಲರೆದುರು ಮತ್ತೆ ಉಪ್ಪು ಸವರಿದಂತಾಗುತ್ತದೆ. ಎದುರು ನಿಲ್ಲಲು ಅಂಜುವ ಮಗುವಿಗೆ ಸರ್‌ನ್ನು ಕರೆಯುವುದೂ, ಆಮೇಲೆ ಹೋಗಿ ನೊಂದವನ ಪಕ್ಕ ಕೂರುವುದೂ ನೆರವೇ ಎಂದು ಹೇಳಿಕೊಡಿ.

ಉಳಿದ ಕೆಲಸ ಪಾಠದೊಳಗೇ ಆಗಲಿ. ಇತಿಹಾಸದ ಒಂದು ಅಧ್ಯಾಯವನ್ನು ಐದು ಭಾಗ ಮಾಡಿ, ಗುಂಪಿನ ಐವರಿಗೆ ಒಂದೊಂದು ಕೊಡಿ. ಒಂದೇ ಭಾಗ ಸಿಕ್ಕವರೆಲ್ಲ ಹತ್ತು ನಿಮಿಷ ಕೂಡಿ ಓದಿ, ತಮ್ಮ ಗುಂಪಿಗೆ ಮರಳಿ ಕಲಿಸಬೇಕು. ಪರೀಕ್ಷೆ ಮಾತ್ರ ಒಬ್ಬೊಬ್ಬರಿಗೇ, ಇಡೀ ಅಧ್ಯಾಯದ ಮೇಲೆ. 1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್ ಶಾಲೆಗಳಲ್ಲಿ ಮನೋವಿಜ್ಞಾನಿ ಎಲಿಯಟ್ ಆರನ್ಸನ್ ಶುರುಮಾಡಿದ ಕ್ರಮವಿದು. ಗುಂಪನ್ನು ನೀವೇ ಮಾಡಿ, ಮಕ್ಕಳಿಗೆ ಬಿಟ್ಟರೆ ಗೆಳೆಯರೇ ಸೇರುತ್ತಾರೆ, ಒಂಟಿ ಹುಡುಗ ಒಂಟಿಯಾಗಿಯೇ ಉಳಿಯುತ್ತಾನೆ.

ಸ್ಟಾರ್, ಬಹುಮಾನ, ಗೋಡೆಯ ಮೇಲೆ ಹೆಸರು, ಇವು ಬೇಡ. ಕೊಟ್ಟರೆ ನಿಮ್ಮ ಕಣ್ಣೆದುರಿಗಷ್ಟೇ ಸಹಾಯ ನಡೆಯತೊಡಗುತ್ತದೆ. 'ನೀ ನೋಟ್ಸ್ ಕೊಟ್ಟಿದ್ದಕ್ಕ ಅಕಿ ಪರೀಕ್ಷಾ ಬರದ್ಲು' ಎಂದು ನೆರವಾದ ಮಗುವನ್ನು ಬದಿಗೆ ಕರೆದು ಹೇಳಿ.

ಚಾಷ್ಟಿ ಹೊಡೆತ, ಬೆದರಿಕೆಯವರೆಗೆ ಹೋಗಿದ್ದರೆ ಎಂಟು ವಾರ ಕಾಯಬೇಡಿ. ಮುಖ್ಯೋಪಾಧ್ಯಾಯರಿಗೆ, ಪಾಲಕರಿಗೆ ಅಂದೇ ತಿಳಿಸಿ, ಮಕ್ಕಳ ಸಹಾಯವಾಣಿ 1098 ಇದೆ. ಹುಡುಗ ನಿದ್ದೆ, ಊಟ ಬಿಟ್ಟಿದ್ದರೆ ನಿಮ್ಮೂರಲ್ಲೇ ಇರುವ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದೊಯ್ಯಲು ಮನೆಯವರಿಗೆ ಹೇಳಿ.